ಶೆಡ್ಡಿನಲ್ಲಿ ಮರಿ ಹಾಕಿದ ನಾಯಿಗೆ ಆಪರೇಷನ್ ಮಾಡಿಸಬೇಕೆ? ಹೆಣ್ಣು ಮರಿಗಳನ್ನು ಏನು ಮಾಡುವುದು?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಹಳ್ಳಿಯವರು. ಎರಡು ವರ್ಷದಿಂದ ಒಂದು ಕೆಂಚು ಬಣ್ಣದ ಹೆಣ್ಣುನಾಯಿ ನಮ್ಮ ಬಾಗಿಲಲ್ಲೇ ಇದೆ. ಸಾಕಿದ್ದಲ್ಲ, ಅನ್ನ ಹಾಕುತ್ತೇವೆ ಅಷ್ಟೆ. ಹೋದ ವರ್ಷ ಕಾರ್ ಶೆಡ್ಡಿನಲ್ಲಿ ಐದು ಮರಿ ಹಾಕಿತ್ತು. ಎರಡು ಗಂಡು ಮರಿಗಳನ್ನು ಕೇಳಿಕೊಂಡು ಬಂದವರು ಒಯ್ದರು, ಹೆಣ್ಣು ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಈಗ ಮತ್ತೆ ಆರು ಮರಿ, ಅದರಲ್ಲಿ ನಾಲ್ಕು ಹೆಣ್ಣು, ಮೂರು ವಾರದವು. ಆಪರೇಷನ್ ಮಾಡಿಸೋಣ ಅಂದರೆ ಅತ್ತೆ ಪಾಪ ಅನ್ನುತ್ತಾರೆ. ಆಪರೇಷನ್ ಆದ ನಾಯಿ ಬೊಗಳುವುದಿಲ್ಲ, ಬೇಕಾದರೆ ಬೆದೆಗೆ ಬರದ ಹಾಗೆ ಇಂಜೆಕ್ಷನ್ ಕೊಡಿಸೋಣ ಅಂತ ನಮ್ಮ ಮನೆಯವರು. ಮನೆಯಲ್ಲಿ ಐದು ತಿಂಗಳ ಹೆಣ್ಣು ಬೆಕ್ಕೂ ಇದೆ. ಇದರ ಮಧ್ಯೆ ಮಗಳಿಗೆ ಲ್ಯಾಬ್ರಡಾರ್ ಬೇಕಂತೆ. ಬೀದಿನಾಯಿಗೆ ಅನ್ನ ಹಾಕಬಾರದು ಅಂತ ಕೋರ್ಟೇ ಹೇಳಿದೆ ಅನ್ನುತ್ತಾರೆ, ನಿಜವೇ? ಏನು ಮಾಡಲಿ?

ಉತ್ತರ: ಮೊದಲು ಬೆಕ್ಕನ್ನು ಕರೆದುಕೊಂಡು ಹೋಗಿ. ನಾಯಿಗೆ ಇನ್ನೂ ಸಮಯವಿದೆ, ಬೆಕ್ಕಿಗೆ ಇಲ್ಲ.

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ನೆಲದ ಮೇಲೆ ಹೊರಳಾಡುತ್ತದೆ, ಸೊಂಟ ಎತ್ತುತ್ತದೆ, ರಾತ್ರಿಯಿಡೀ ವಿಚಿತ್ರವಾಗಿ ಕೂಗುತ್ತದೆ. ಹೊಟ್ಟೆನೋವೇನೋ ಎಂದು ಹೆದರಿ ಅಂಥ ಬೆಕ್ಕನ್ನು ನಮ್ಮಲ್ಲಿಗೆ ಎತ್ತಿಕೊಂಡು ಬರುವವರು ಎಷ್ಟೋ ಜನ. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಅದೇ ಕಥೆ. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದೇ ಗಂಡಿನ ಜತೆ ಸೇರಿದ ಮೇಲೆ, ಹಾಗಾಗಿ ಗಬ್ಬ ನಿಲ್ಲದೆ ಹೋಗುವುದು ಅಪರೂಪ. ಒಂಬತ್ತು ವಾರಕ್ಕೆ ಮರಿ. ಆ ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ತಾಯಿ ಇನ್ನೊಮ್ಮೆ ಗಬ್ಬವಾಗಬಲ್ಲದು. ನಿಮ್ಮ ಬೆಕ್ಕು ಎರಡು ಕಿಲೋ ದಾಟಿದ್ದು ಆರೋಗ್ಯವಾಗಿದ್ದರೆ ಇದೇ ವಾರ ವೈದ್ಯರಿಗೆ ತೋರಿಸಿ ದಿನ ಗೊತ್ತುಮಾಡಿಕೊಳ್ಳಿ. ಆಪರೇಷನ್ ಆದ ಮೇಲೆ ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಈಗ ನಾಯಿ. ಮರಿಗಳಿಗೆ ಮೂರು ವಾರ ಅಂದಿದ್ದೀರಿ. ಎಂಟು ವಾರ ತುಂಬುವವರೆಗೆ ತಾಯಿಯನ್ನು ಬಿಟ್ಟುಬಿಡಿ. ಮರಿಗಳು ಹಾಲು ಬಿಟ್ಟ ಎರಡು ಮೂರು ವಾರದಲ್ಲಿ ಕೆಚ್ಚಲು ಒಣಗುತ್ತದೆ, ಆಪರೇಷನ್‌ಗೆ ಅದು ಒಳ್ಳೆಯ ಸಮಯ. ಹಾಲು ತುಂಬಿದ ಕೆಚ್ಚಲಿನ ಪಕ್ಕದಲ್ಲಿ ಕತ್ತರಿಸಿದರೆ ಗಾಯ ಬೇಗ ಮಾಯುವುದಿಲ್ಲ. ಬೆದೆಯಲ್ಲಿದ್ದಾಗ ಮಾಡಿದರೆ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ರಕ್ತಸ್ರಾವದ ಅಪಾಯ ಹೆಚ್ಚು. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ನಮ್ಮ ಬೀದಿಗಳ ನಾಯಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ ಸೇರಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ನಿಮ್ಮದೂ ಅದೇ ಲೆಕ್ಕದಲ್ಲಿ ನಡೆದಂತಿದೆ. ಹಾಗಾಗಿ ಮುಂದಿನ ಮಳೆಗಾಲದವರೆಗೆ ನಿಮ್ಮ ಕೈಯಲ್ಲಿ ಸಮಯವಿದೆ. ಆದರೆ ಸಮಯ ಇದೆಯಲ್ಲ ಎಂದು ಮುಂದೂಡಿದವರ ಮನೆಯ ಶೆಡ್ಡಿನಲ್ಲೇ ಮೂರನೇ ಸೂಲಿನ ಮರಿಗಳನ್ನೂ ನೋಡಿದ್ದೇನೆ. ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಡಿ.

ಅಷ್ಟರಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ತಾಯಿಗೂ ಮರಿಗಳಿಗೂ ಈಗಲೇ ಜಂತುಹುಳುವಿನ ಔಷಧ ಕೊಡಿಸಿ. ಮರಿಗಳಿಗೆ ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ತೂಕ ನೋಡಿ. ತಾಯಿಗೆ ರೇಬೀಸ್ ಲಸಿಕೆ ಆಗಿರದಿದ್ದರೆ ಅದಕ್ಕೆ ಆಪರೇಷನ್‌ವರೆಗೆ ಕಾಯಬೇಡಿ. ಇನ್ನೊಂದು ವಾರದಲ್ಲಿ ಮರಿಗಳಿಗೆ ಮೆತ್ತಗೆ ಕಿವುಚಿದ ಅನ್ನ, ಬೇಯಿಸಿದ ಮೊಟ್ಟೆ ಶುರು ಮಾಡಿ. ಆರರಿಂದ ಎಂಟು ವಾರದೊಳಗೆ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಗಳಿಗೆ ಲಸಿಕೆಯ ಮೊದಲ ಡೋಸ್, ಮೂರು ತಿಂಗಳಿಗೆ ರೇಬೀಸ್. ಹೋದ ವರ್ಷದ ಹೆಣ್ಣು ಮರಿಗಳು ರಕ್ತಭೇದಿಯಾಗಿ ಸತ್ತಿದ್ದರೆ ಅದು ಪಾರ್ವೊ ಆಗಿರುವ ಸಾಧ್ಯತೆ ದೊಡ್ಡದು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಅದಕ್ಕೆ ನಾಟುವುದಿಲ್ಲ, ಶೆಡ್ಡಿನ ನೆಲವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯಬೇಕು.

ಆಪರೇಷನ್ ಅಂದರೆ ಏನು ಮಾಡುತ್ತಾರೆ ಎಂದು ಕೇಳುವವರು ಕಡಿಮೆ, ಊಹಿಸಿಕೊಂಡು ಹೆದರುವವರೇ ಜಾಸ್ತಿ. ಹಿಂದಿನ ರಾತ್ರಿ ಊಟ ನಿಲ್ಲಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆತರಬೇಕು. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಪಕ್ಕೆಯಲ್ಲೋ ಹೊಟ್ಟೆಯ ನಡುವಿನಲ್ಲೋ ಎರಡು ಬೆರಳಿನಷ್ಟು ಗಾಯ ಮಾಡಿ, ಎರಡೂ ಅಂಡಾಶಯಗಳನ್ನು ಗರ್ಭಕೋಶದ ಸಮೇತ ಹೊರತೆಗೆಯುತ್ತಾರೆ. ಅಂಡಾಶಯಕ್ಕೆ ಹೋಗುವ ರಕ್ತನಾಳವನ್ನು ಗಟ್ಟಿಯಾಗಿ ಕಟ್ಟುವುದೇ ಇಡೀ ಕೆಲಸದ ಜೀವಾಳ, ಉಳಿದದ್ದು ಹೊಲಿಗೆ. ಇನ್ನೂ ಮರಿ ಹಾಕದ ಎಳೆಯ ನಾಯಿಯ ಗರ್ಭಕೋಶದ ಕೊಂಬುಗಳು ಪೆನ್ಸಿಲ್‌ಗಿಂತ ತೆಳ್ಳಗಿರುತ್ತವೆ. ಅದೇ ಎಂಟು ಹತ್ತು ವರ್ಷದ, ಆಪರೇಷನ್ ಆಗದ ನಾಯಿಯನ್ನು, ನಾಲ್ಕು ದಿನದಿಂದ ಊಟ ಬಿಟ್ಟಿದೆ, ನೀರು ಮಾತ್ರ ಕುಡಿಯುತ್ತಿದೆ ಎಂದು ತರುತ್ತಾರೆ. ಹೊಟ್ಟೆ ತೆರೆದರೆ ಅದೇ ಗರ್ಭಕೋಶ ಮುಂಗೈ ಗಾತ್ರಕ್ಕೆ ಊದಿ, ಒಳಗೆಲ್ಲ ಕೀವು ತುಂಬಿಕೊಂಡಿರುತ್ತದೆ. ಪಯೋಮೆಟ್ರಾ ಅಂತ ಅದಕ್ಕೆ ಹೆಸರು. ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆ ನೋಡಿದಾಗ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣುನಾಯಿಗೆ ಈ ಕಾಯಿಲೆ ಬಂದಿತ್ತು. ಗರ್ಭಕೋಶ ತೆಗೆದ ನಾಯಿಗೆ ಈ ಭಯವಿಲ್ಲ. ಮೊಲೆಯ ಗಡ್ಡೆಯ ಅಪಾಯವೂ ಇಳಿಯುತ್ತದೆ. ಮೊದಲ ಬೆದೆಗೂ ಮುಂಚೆ ಆಪರೇಷನ್ ಆದರೆ ಇಳಿಕೆ ಬಹಳ ಹೆಚ್ಚು ಎಂದು 1969ರ ಅಧ್ಯಯನವೊಂದು ಹೇಳಿತ್ತು. ಆಮೇಲೆ ಬಂದ ವಿಮರ್ಶೆಗಳು ಆ ಆಧಾರ ಅಷ್ಟು ಗಟ್ಟಿಯಲ್ಲ ಎಂದಿವೆ. ಹಾಗಾಗಿ ನಾನು ಗಡ್ಡೆಯ ಮಾತನ್ನು ಎರಡನೆಯದಾಗಿ ಹೇಳುತ್ತೇನೆ, ಪಯೋಮೆಟ್ರಾವನ್ನು ಮೊದಲು.

ಮನೆಗೆ ಬಂದ ಮೇಲೆ ಹತ್ತು ದಿನ ಶೆಡ್ಡಿನಲ್ಲಿ ಕಟ್ಟಿಹಾಕಿ ಅಥವಾ ಕೂಡಿಹಾಕಿ. ಸ್ನಾನ ಬೇಡ, ಓಡಾಟ ಬೇಡ, ಗಾಯ ನೆಕ್ಕದಂತೆ ಕೊರಳಿಗೆ ಮುಖದ ಸುತ್ತ ಅಗಲವಾಗಿ ನಿಲ್ಲುವ ಕಾಲರ್ ಹಾಕಬೇಕು. ಒಸಡು ಬಿಳಿಚಿಕೊಂಡರೆ, ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಮಾರನೇ ದಿನವೂ ಏಳದೆ ಮಲಗಿದ್ದರೆ ಫೋನ್ ಮಾಡುತ್ತ ಕೂರಬೇಡಿ, ಎತ್ತಿಕೊಂಡು ಹೋಗಿ. ನಿಮ್ಮದು ಮನೆಯೊಳಗೆ ಬೆಳೆದ ನಾಯಿಯಲ್ಲವಾದ್ದರಿಂದ ಈಗಿನಿಂದಲೇ ಕೊರಳಿಗೆ ಪಟ್ಟಿ ಹಾಕಿ, ಊಟವನ್ನು ಶೆಡ್ಡಿನೊಳಗೇ ಕೊಟ್ಟು ಬಾಗಿಲು ಹಾಕುವ ಅಭ್ಯಾಸ ಮಾಡಿಸಿ. ಆ ದಿನ ಬೆಳಿಗ್ಗೆ ಹಿಡಿಯಲು ನಾಲ್ಕು ಜನ ಗದ್ದೆಯಲ್ಲಿ ಓಡುವುದು ತಪ್ಪುತ್ತದೆ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಹಾಕಲು ಹೇಳಿ. ಆಪರೇಷನ್ ಆದ ನಾಯಿ ಅನ್ನುವ ಗುರುತು ಅದು. ಮುಂದೆ ಯಾವಾಗಲಾದರೂ ಪಂಚಾಯಿತಿಯವರೋ ಪುರಸಭೆಯವರೋ ಹಿಡಿದರೆ ಇನ್ನೊಮ್ಮೆ ಹೊಟ್ಟೆ ಕೊಯ್ಯುವುದಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಖಾಸಗಿ ಕ್ಲಿನಿಕ್‌ನಲ್ಲಿ ಕೆಲವು ಸಾವಿರ ಆಗುತ್ತದೆ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಂಥ ಕಾಲೇಜು ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳ ಎದುರು, ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಆಪರೇಷನ್ ನಡೆಯುತ್ತದೆ. ನನ್ನನ್ನು ಕೇಳಿದರೆ ಅದು ಒಳ್ಳೆಯದೇ.

ಮನೆಯವರ ಆಕ್ಷೇಪಗಳಿಗೆ ಬರೋಣ. ಅತ್ತೆಯವರಿಗೆ ನಾನು ಶಾಸ್ತ್ರ ಹೇಳಲಾರೆ. ಉಳುವ ಎತ್ತು ಬೇಕೆಂದು ಹೋರಿಗೆ ಬೀಜ ಒಡೆಸದ ಮನೆ ನಮ್ಮ ಹಳ್ಳಿಗಳಲ್ಲಿ ಯಾವುದಿತ್ತು ಎಂದು ಮಾತ್ರ ಕೇಳಿ. ಅದೂ ಎಷ್ಟೋ ಕಡೆ ಅರಿವಳಿಕೆಯಿಲ್ಲದೆ, ಕಾಲು ಕಟ್ಟಿ ಕೆಡವಿ. ಅದನ್ನು ಯಾರೂ ಪಾಪ ಅನ್ನಲಿಲ್ಲ, ಏಕೆಂದರೆ ಎತ್ತಿನಿಂದ ನಮಗೆ ಕೆಲಸವಿತ್ತು. ಹೋದ ವರ್ಷ ಶೆಡ್ಡಿನಲ್ಲಿ ಉಳಿಯದೆ ಹೋದ ಹೆಣ್ಣು ಮರಿಗಳನ್ನು ಅವರೂ ನೋಡಿದ್ದಾರೆ. ಅವರ ಜತೆ ಮಾತು ಶುರು ಮಾಡಲು ಅದೇ ಸರಿಯಾದ ಜಾಗ.

ಬೊಗಳುವುದು ನಿಲ್ಲುವುದಿಲ್ಲ. ತನ್ನ ಜಾಗ, ತನ್ನ ಜನ ಅನ್ನುವ ಎಚ್ಚರ ಅಂಡಾಶಯದಲ್ಲಿಲ್ಲ. ನಿಜವಾಗಿ ಬದಲಾಗುವುದು ಹಸಿವು ಮತ್ತು ಮೈ. ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಆಹಾರ ಬೇಕಿಲ್ಲ. ಐದರಲ್ಲಿ ಒಂದು ಪಾಲು ಕಡಿಮೆ ಮಾಡದಿದ್ದರೆ ಆರು ತಿಂಗಳಲ್ಲಿ ಉರುಟಾಗುತ್ತದೆ. ಆ ಉರುಟು ನಾಯಿ ಜಗಲಿಯಲ್ಲಿ ಮಲಗಿದ್ದನ್ನು ನೋಡಿ ಆಪರೇಷನ್‌ನಿಂದ ಸೋಮಾರಿಯಾಯಿತು ಅನ್ನುತ್ತಾರೆ. ದೋಷ ತಟ್ಟೆಯದು. ಗಂಡು ನಾಯಿಯ ವಿಷಯ ಸ್ವಲ್ಪ ಬೇರೆ. ವೃಷಣ ತೆಗೆದರೆ ಬೆದೆಯ ಹೆಣ್ಣಿನ ಹಿಂದೆ ಊರೂರು ಅಲೆಯುವುದು, ಗಂಡು ಗಂಡುಗಳ ಕಾದಾಟ, ಕಂಡ ಕಂಬಕ್ಕೆಲ್ಲ ಮೂತ್ರ ಹೊಡೆಯುವುದು ಕಡಿಮೆಯಾಗುತ್ತದೆ. ಹೆದರಿ ಕಚ್ಚುವ ನಾಯಿ ಆಮೇಲೂ ಹೆದರಿ ಕಚ್ಚುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ಬಂದು ನಮ್ಮನ್ನು ಬೈಯುತ್ತಾರೆ.

ಇಂಜೆಕ್ಷನ್ ಬೇಡ. ಬೆದೆ ಮುಂದೂಡುವ ಆ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಕೀವು ತುಂಬಲು ದಾರಿ ಮಾಡಿಕೊಡುತ್ತದೆ. ಅಗ್ಗವೆಂದು ಮಾಡಿಸಿ, ಕೊನೆಗೆ ಕೀವು ತುಂಬಿದ ಗರ್ಭಕೋಶವನ್ನು ತುರ್ತಾಗಿ ತೆಗೆಸಲು ಹಲವು ಪಟ್ಟು ಹಣ ಸುರಿಯುವವರನ್ನು ನೋಡುತ್ತಲೇ ಇರುತ್ತೇವೆ. ಒಂದು ಸೂಲಾದರೂ ಆಗಲಿ, ತಾಯ್ತನ ಗೊತ್ತಾಗಲಿ ಎಂದು ನಿಮಗೂ ಯಾರಾದರೂ ಹೇಳಿರಬಹುದು. ನಿಮ್ಮ ನಾಯಿಗೆ ಎರಡಾಗಿದೆ, ಆ ಚರ್ಚೆ ಬೇಕಿಲ್ಲ. ಮರಿಗಳನ್ನು ಒಯ್ಯುವವರಿಗೆ ಮಾತ್ರ ಹೇಳಿ: ಒಂದು ಸೂಲಿನಿಂದ ಹೆಣ್ಣುನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

ನಾನು ಮುಖ್ಯವಾಗಿ ಹೇಳಬೇಕಿರುವುದು ಆ ನಾಲ್ಕು ಹೆಣ್ಣು ಮರಿಗಳ ಬಗ್ಗೆ. ಮರಿ ಕೊಡುತ್ತೇವೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಮೊದಲು ಬರುವ ಪ್ರಶ್ನೆ ಒಂದೇ, ಗಂಡಾ ಹೆಣ್ಣಾ? ಹೆಣ್ಣು ಅಂದರೆ ಮಾತು ಅಲ್ಲಿಗೇ ಮುಗಿಯಿತು. ಉಳಿದವನ್ನು ಗೋಣಿಚೀಲದಲ್ಲಿ ತುಂಬಿ ಸಂತೆಮಾಳದಲ್ಲೋ, ಕೋಳಿ ಅಂಗಡಿಯ ಹಿಂದೆಯೋ, ದೇವಸ್ಥಾನದ ಬಳಿಯೋ ಬಿಟ್ಟುಬರುತ್ತಾರೆ. ಅಲ್ಲಿ ಅನ್ನ ಸಿಗುತ್ತದೆ, ಬದುಕಿಕೊಳ್ಳುತ್ತವೆ ಅನ್ನುವ ಸಮಾಧಾನ. ಬದುಕಿದವು ಮುಂದಿನ ವರ್ಷ ಅಲ್ಲೇ ಮರಿ ಹಾಕುತ್ತವೆ. ಊರಿನಲ್ಲಿ ಬೀದಿನಾಯಿ ಹೆಚ್ಚಾಯಿತು ಎಂದು ಅರ್ಜಿ ಕೊಡುವವರಲ್ಲಿ ಹೀಗೆ ಬಿಟ್ಟುಬಂದವರೂ ಇರುತ್ತಾರೆ. ಬೀದಿನಾಯಿಗಳ ಸಂಖ್ಯೆಯನ್ನು ತೀರ್ಮಾನಿಸುವುದು ಹೆಣ್ಣುಗಳು. ಒಂದು ಕೇರಿಯಲ್ಲಿ ಹತ್ತು ಗಂಡು, ಹತ್ತು ಹೆಣ್ಣು ಇವೆ ಅಂದುಕೊಳ್ಳಿ. ಒಂಬತ್ತು ಗಂಡುಗಳಿಗೆ ಆಪರೇಷನ್ ಮಾಡಿದರೂ ಉಳಿದ ಒಂದು ಸಾಕು, ಪಕ್ಕದ ಕೇರಿಯಿಂದ ಬರುವವೂ ಇವೆ. ಹತ್ತೂ ಹೆಣ್ಣು ಗಬ್ಬವಾಗುತ್ತವೆ. ಒಂಬತ್ತು ಹೆಣ್ಣುಗಳಿಗೆ ಮಾಡಿದರೆ ಆ ಕೇರಿಯಲ್ಲಿ ವರ್ಷಕ್ಕೆ ಒಂದೋ ಎರಡೋ ಸೂಲು. ಗಂಡುಗಳನ್ನು ಬಿಡಬೇಕೆಂದಲ್ಲ. ಹಣ ಕಡಿಮೆ ಇದ್ದಾಗ ಮೊದಲು ಹೆಣ್ಣು.

ಹಾಗಾಗಿ ಮರಿ ಕೊಡುವಾಗ ನನ್ನ ಸಲಹೆ ಊರಿನ ರೂಢಿಗೆ ತಿರುಗುಮುರುಗು. ಗಂಡು ಮರಿ ಕೇಳಿ ಬಂದವರನ್ನು ಕೂರಿಸಿ, ಹೆಣ್ಣು ಮರಿ ಒಯ್ಯಿರಿ, ಆರು ತಿಂಗಳಿಗೆ ಆಪರೇಷನ್ ಖರ್ಚಿನಲ್ಲಿ ಪಾಲು ನಮ್ಮದು ಅನ್ನಿ. ಕಾವಲಿಗೆ ಹೆಣ್ಣು ಗಂಡಿಗಿಂತ ಕಡಿಮೆಯೇನಲ್ಲ, ಅಲೆಯುವುದಂತೂ ಕಡಿಮೆ. ಜನ ಹೆಣ್ಣು ಬೇಡ ಅನ್ನುವುದಕ್ಕೆ ಇರುವ ಕಾರಣ ಒಂದೇ, ವರ್ಷ ವರ್ಷ ಮರಿಯ ರಗಳೆ. ಆ ರಗಳೆ ತೆಗೆಯುವ ಭರವಸೆ ಕೊಟ್ಟರೆ ಮಾತು ಮುಂದುವರಿಯುತ್ತದೆ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು ಆಪರೇಷನ್‌ನ ಹೊಣೆಯನ್ನು ಒಪ್ಪಿಕೊಳ್ಳದವರಿಗೆ ಮರಿ ಕೊಡುವುದಿಲ್ಲ. ಹಳ್ಳಿಯಲ್ಲಿ ಅಷ್ಟು ಕಾಗದಪತ್ರ ನಡೆಯುವುದಿಲ್ಲ, ಸರಿ. ಆದರೆ ಕೇಳಬೇಕಾದ ಕೆಲವನ್ನು ಕೇಳಲೇಬೇಕು. ಸ್ವಂತ ಮನೆಯೇ, ಬಾಡಿಗೆಯೇ? ಬಾಡಿಗೆಯಾದರೆ ಮಾಲೀಕರಿಗೆ ಗೊತ್ತೇ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಮದುವೆ, ಜಾತ್ರೆ ಅಂತ ನಾಲ್ಕು ದಿನ ಊರಿಗೆ ಹೋದರೆ ಅನ್ನ ಹಾಕುವವರು ಯಾರು? ಇದಕ್ಕೂ ಮುಂಚೆ ಇದ್ದ ನಾಯಿ ಏನಾಯಿತು? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಉಳಿದೆಲ್ಲವೂ ಗೊತ್ತಾಗುತ್ತದೆ. ಕಾಣೆಯಾಯಿತು, ಮತ್ತೊಂದೂ ಕಾಣೆಯಾಯಿತು ಅನ್ನುವವರಿಗೆ ಮೂರನೆಯದನ್ನು ಕೊಡಬೇಡಿ. ಮಲೆನಾಡಿನಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿಯನ್ನು ಚಿರತೆ ಒಯ್ಯುವುದು ಹೊಸ ಸುದ್ದಿಯಲ್ಲ. ರಾತ್ರಿ ಎಲ್ಲಿ ಮಲಗಿಸುತ್ತೀರಿ ಎಂದೂ ಕೇಳಿ.

ಐದು ವಾರಕ್ಕೇ ಕೊಡಿ, ಮುದ್ದಾಗಿರುವಾಗಲೇ ಒಯ್ಯುತ್ತೇವೆ ಎಂದು ಒತ್ತಾಯ ಮಾಡುವವರಿರುತ್ತಾರೆ. ಎಂಟು ವಾರ ತುಂಬದೆ ಕೊಡಬೇಡಿ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ, ಜೋರಾಗಿ ಕಚ್ಚಿದರೆ ಕುಂಯ್ ಎಂದು ಕಿರುಚಿ ಆಟ ನಿಲ್ಲಿಸುವಾಗ, ಎಷ್ಟು ಕಚ್ಚಬಹುದು ಅನ್ನುವ ಹದ ಕಲಿಯುವುದು ಈ ವಾರಗಳಲ್ಲಿ. ಬೇಗ ಬಿಡಿಸಿದ ಮರಿ ಆ ಪಾಠವನ್ನು ಮನೆಯ ಮಕ್ಕಳ ಕೈಮೇಲೆ ಕಲಿಯುತ್ತದೆ. ಒಂದೇ ಮನೆಗೆ ಜೋಡಿಯಾಗಿರಲಿ ಎಂದು ಗಂಡು ಹೆಣ್ಣು ಎರಡನ್ನೂ ಕೊಡುವುದುಂಟು. ಒಡಹುಟ್ಟು ಅನ್ನುವುದು ನಾಯಿಗೆ ಲೆಕ್ಕಕ್ಕಿಲ್ಲ, ವರ್ಷದೊಳಗೆ ಆ ಮನೆಯಲ್ಲೂ ನಿಮ್ಮ ಶೆಡ್ಡಿನ ಕಥೆಯೇ. ಕೊಡಲೇಬೇಕಿದ್ದರೆ ಎರಡಕ್ಕೂ ಆಪರೇಷನ್ ಮಾಡಿಸುವವರಿಗೆ ಕೊಡಿ. ಗಂಡಿಗೆ ಆಪರೇಷನ್ ಆದ ಮೇಲೂ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ವೀರ್ಯ ಉಳಿದಿರುತ್ತದೆ, ಅಲ್ಲಿಯವರೆಗೆ ಬೆದೆಯ ಹೆಣ್ಣಿನಿಂದ ದೂರವಿಡಬೇಕು ಎಂದೂ ಹೇಳಿಕೊಡಿ.

ಒಂದು ಹೆಣ್ಣುನಾಯಿಯಿಂದ ಆರು ವರ್ಷದಲ್ಲಿ 67,000 ನಾಯಿಗಳಾಗುತ್ತವೆ ಎಂಬ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ. ಪ್ರಾಣಿಪ್ರಿಯರೇ ಹಂಚುತ್ತಾರೆ. ಹುಟ್ಟಿದ ಪ್ರತಿ ಮರಿಯೂ ಬದುಕಿ, ಪ್ರತಿ ಹೆಣ್ಣೂ ತಪ್ಪದೆ ಮರಿ ಹಾಕಿದರೆ ಮಾತ್ರ ಬರುವ ಗುಣಾಕಾರ ಅದು. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದ ಬೀದಿಗಳಲ್ಲಿ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿ ನೋಡಿದರು. ಮರಿ ಹಾಕುವ ವಯಸ್ಸಿನವರೆಗೆ ಬದುಕಿದ್ದು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ಹೆಚ್ಚಿನವು ವಾಹನ, ಹೊಡೆತ, ಯಾರೋ ಎತ್ತಿಕೊಂಡು ಹೋಗಿ ಬಿಟ್ಟದ್ದು, ಹೀಗೆ ಮನುಷ್ಯರ ಕಾರಣದಿಂದಲೇ. ಆಪರೇಷನ್ ಯಾಕೆ ಬೇಕು ಅನ್ನುವುದಕ್ಕೆ ನನಗೆ 67,000ಕ್ಕಿಂತ ಈ 19 ಸಾಕು.

ಇದೇ ಸಂಖ್ಯೆಯಲ್ಲಿ ಹೊಡೆದು ಕೊಲ್ಲುವುದು ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನುವುದೂ ಇದೆ. ನಾಯಿಗಳನ್ನು ತೆಗೆದ ಜಾಗದಲ್ಲಿ ಕಸ, ಕೋಳಿ ತ್ಯಾಜ್ಯ, ಕಲ್ಯಾಣಮಂಟಪದ ಎಲೆ ಹಾಗೇ ಉಳಿಯುತ್ತವೆ. ಪಕ್ಕದಿಂದ ನಾಯಿಗಳು ಬರುತ್ತವೆ, ಮೊದಲು ಸಾಯುತ್ತಿದ್ದ ಮರಿಗಳಿಗೆ ಈಗ ಅನ್ನ ಸಿಕ್ಕಿ ಬದುಕುತ್ತವೆ. 2007ರಲ್ಲಿ ಬೆಂಗಳೂರಿನಲ್ಲಿ ಎರಡು ಮಕ್ಕಳು ನಾಯಿದಾಳಿಗೆ ಬಲಿಯಾದಾಗ ಜನರ ಸಿಟ್ಟಿನಲ್ಲಿ ನಾಯಿಗಳನ್ನು ರಾಶಿ ರಾಶಿ ಕೊಲ್ಲಲಾಯಿತು. ಆ ಸಿಟ್ಟು ಅರ್ಥವಾಗುವಂಥದ್ದು. ಆದರೆ ಅದರಿಂದ ನಾಯಿಗಳೇನೂ ಇಲ್ಲವಾಗಲಿಲ್ಲ. ಇನ್ನೊಂದು ಕಡೆ ಜೈಪುರವಿದೆ. ಅಲ್ಲಿ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1994ರ ಕೊನೆಯಿಂದ 2002ರ ಕೊನೆಯವರೆಗೆ, ಮುಖ್ಯವಾಗಿ ಹೆಣ್ಣುಗಳನ್ನೇ ಹಿಡಿದು, ಸುಮಾರು 25,000 ನಾಯಿಗಳಿಗೆ ಆಪರೇಷನ್ ಮತ್ತು ರೇಬೀಸ್ ಲಸಿಕೆ ಮಾಡಿತು. ಹೆಣ್ಣುಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಆಪರೇಷನ್ ಮುಟ್ಟಿದಾಗ ನಾಯಿಗಳ ಸಂಖ್ಯೆ ಶೇ. 28ರಷ್ಟು ಇಳಿದಿತ್ತು, ಆ ಪ್ರದೇಶದಲ್ಲಿ ಮನುಷ್ಯರ ರೇಬೀಸ್ ಸೊನ್ನೆಗೆ ಬಂದಿತ್ತು. ಗಮನಿಸಿ, ಎಂಟು ವರ್ಷದ ಕೆಲಸಕ್ಕೆ ಶೇ. 28. ಬೆಂಗಳೂರಿನಲ್ಲಿ 2019ರ ಗಣತಿಯಲ್ಲಿ 3.10 ಲಕ್ಷದಷ್ಟಿದ್ದ ಬೀದಿನಾಯಿಗಳು 2023ಕ್ಕೆ 2.79 ಲಕ್ಷಕ್ಕೆ ಇಳಿದವು. ಆಪರೇಷನ್ ಆದವುಗಳ ಪಾಲು ನೂರಕ್ಕೆ 51ರ ಆಸುಪಾಸಿನಿಂದ 72ರ ಹತ್ತಿರಕ್ಕೆ ಏರಿತ್ತು. ಈ ದಾರಿ ನಿಧಾನ, ಮಧ್ಯದಲ್ಲಿ ಟೆಂಡರ್ ನಿಂತು ಎರಡು ವರ್ಷ ಕೈಬಿಟ್ಟರೆ ಮತ್ತೆ ಮೊದಲಿನಿಂದ.

ಶೇ. 70 ಅನ್ನುವ ಇನ್ನೊಂದು ಅಂಕಿಯನ್ನು ನೀವು ಕೇಳಿರಬಹುದು. ಅದು ರೇಬೀಸ್ ಲಸಿಕೆಯ ಲೆಕ್ಕ. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಆದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಅದನ್ನೇ ತಂದು ಸಂತಾನಹರಣಕ್ಕೆ ಅಂಟಿಸಿ, ಎಪ್ಪತ್ತು ಮುಟ್ಟಿದರೆ ಗೆದ್ದೆವು ಎಂದು ಭಾಷಣ ಮಾಡುವವರಿದ್ದಾರೆ. ಆ ಎಪ್ಪತ್ತರಲ್ಲಿ ಸುಲಭಕ್ಕೆ ಕೈಗೆ ಸಿಗುವ ಗಂಡುಗಳೇ ಅರ್ಧ ಇದ್ದು, ಚರಂಡಿ ಮೋರಿಯಲ್ಲಿ ಅಡಗಿದ ಹೆಣ್ಣುಗಳು ಉಳಿದರೆ ಮುಂದಿನ ಚಳಿಗಾಲಕ್ಕೆ ಲೆಕ್ಕ ತಲೆಕೆಳಗಾಗುತ್ತದೆ.

ಕೋರ್ಟಿನ ವಿಷಯ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಲು ಹೇಳಿತ್ತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಾಯಿಸಿತು. ಆಪರೇಷನ್, ಜಂತುಹುಳು ಔಷಧ, ಲಸಿಕೆ ಆದ ಮೇಲೆ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಅಥವಾ ಜನರ ಮೇಲೆ ಎರಗುವ ನಾಯಿಗಳನ್ನು ಬಿಡಬಾರದು, ಬೀದಿಯಲ್ಲಿ ಕಂಡಲ್ಲಿ ಅನ್ನ ಹಾಕದೆ ಅದಕ್ಕೆಂದೇ ಗೊತ್ತುಮಾಡಿದ ಜಾಗದಲ್ಲಿ ಹಾಕಬೇಕು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡಬಾರದು ಎಂಬ ಆದೇಶ ಬಂತು. ನಿಮ್ಮ ಅಂಗಳದಲ್ಲಿ ನಿಮ್ಮ ನಾಯಿಗೆ ಅನ್ನ ಹಾಕುವುದನ್ನು ಇವು ಯಾವುವೂ ತಡೆಯುವುದಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಆಪರೇಷನ್ ಹೊಣೆ ಸ್ಥಳೀಯ ಸಂಸ್ಥೆಯದು, ಹಿಡಿದು ದೂರದ ಕಾಡಿಗೆ ಬಿಟ್ಟುಬರುವ ಅಧಿಕಾರ ಪಂಚಾಯಿತಿಗೂ ಇಲ್ಲ. ನಿಮ್ಮ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಆದರೆ ಆ ಕೆಂಚುನಾಯಿಯ ವಿಷಯಕ್ಕೆ ಪಂಚಾಯಿತಿಯನ್ನು ಕಾಯಬೇಡಿ. ಎರಡು ವರ್ಷ ಅನ್ನ ಹಾಕಿದ್ದೀರಿ, ಎರಡು ಸೂಲು ನಿಮ್ಮ ಶೆಡ್ಡಿನಲ್ಲಾಗಿದೆ. ಸಾಕಿದ್ದಲ್ಲ ಅನ್ನುವ ಮಾತನ್ನು ಇನ್ನು ಬಿಡಿ.

ಮಗಳ ಲ್ಯಾಬ್ರಡಾರ್‌ಗೆ ನಾನು ವಿರೋಧಿಯಲ್ಲ, ಸಾಕಲು ಒಳ್ಳೆಯ ಜಾತಿ. ಆದರೆ ಹೇಗೆ, ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. 2017ರ ಶ್ವಾನ ತಳಿ ಸಂವರ್ಧನೆ ನಿಯಮಗಳಂತೆ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಒಂದು ಹೆಣ್ಣಿನಿಂದ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ತೆಗೆಯುವಂತಿಲ್ಲ. ತಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸದವರು, ಬಸ್ಸಿನಲ್ಲಿ ಡಬ್ಬಿಯಲ್ಲಿ ಹಾಕಿ ಕಳಿಸುತ್ತೇವೆ ಅನ್ನುವವರು ಇದಾವುದನ್ನೂ ಪಾಲಿಸಿರುವುದಿಲ್ಲ. ದೊಡ್ಡ ಜಾತಿಯ ನಾಯಿಗಳಿಗೆ ಆರು ತಿಂಗಳಿಗೇ ಆಪರೇಷನ್ ಮಾಡಿದರೆ ಕೀಲಿನ ತೊಂದರೆ ಹೆಚ್ಚಬಹುದು ಎಂದು ಕ್ಯಾಲಿಫೋರ್ನಿಯಾದ ಅಧ್ಯಯನಗಳು ತೋರಿಸಿವೆ, ಲ್ಯಾಬ್ರಡಾರ್‌ಗೆ ನಾನು ವರ್ಷ ತುಂಬಲಿ ಅನ್ನುತ್ತೇನೆ. ಆ ಒಂದು ವರ್ಷ ಬೆದೆಯಲ್ಲಿ ಕಟ್ಟಿ ಕಾಯುವ ಶಿಸ್ತು ನಿಮ್ಮ ಮನೆಗಿದೆಯೇ ಎಂದು ನೋಡಿಕೊಳ್ಳಿ. ಬೇಸಿಗೆಯ ಸೆಕೆ, ಕೂದಲುದುರುವುದು, ತಿಂಗಳ ಆಹಾರದ ಖರ್ಚು ಬೇರೆ.

ಇಲ್ಲದಿದ್ದರೆ ಶೆಡ್ಡಿನಲ್ಲಿರುವ ನಾಲ್ಕರಲ್ಲಿ ಒಂದನ್ನು ಮಗಳೇ ಆರಿಸಿಕೊಳ್ಳಲಿ. ಮೂರು ವಾರದ ಮರಿಗೆ ಇನ್ನೂ ಸ್ವಭಾವ ಕಾಣುವುದಿಲ್ಲ. ಆರನೇ ವಾರದಲ್ಲಿ ಶೆಡ್ಡಿನ ನೆಲದ ಮೇಲೆ ಸುಮ್ಮನೆ ಅರ್ಧ ಗಂಟೆ ಕೂರಲು ಹೇಳಿ. ಮೂಲೆ ಸೇರುವುದೂ ಅಲ್ಲ, ಎಲ್ಲರನ್ನೂ ತುಳಿದು ಮೊದಲು ನುಗ್ಗುವುದೂ ಅಲ್ಲ, ಸ್ವಲ್ಪ ನೋಡಿ ಆಮೇಲೆ ತಾನಾಗಿ ಬಂದು ಮೂಸುವ ಮರಿ ಮನೆಗೆ ಹೊಂದುತ್ತದೆ. ಉಳಿದ ಮೂರು ಹೆಣ್ಣುಗಳಿಗೆ ಮನೆ ಸಿಗುವವರೆಗೆ ಗಂಡು ಮರಿಗಳನ್ನು ಯಾರಿಗೂ ಕೊಡಬೇಡಿ. ಮೊದಲು ಗಂಡುಗಳನ್ನು ಒಯ್ದರೆ ಹೆಣ್ಣುಗಳನ್ನು ನೋಡಲು ನಿಮ್ಮ ಅಂಗಳಕ್ಕೆ ಯಾರೂ ಬರುವುದಿಲ್ಲ.